ಸಾಲು ಮಾಡಿ ನೋಡದೆ ಹೇಳಬಹುದಾ?

ಉಡುಪಿ ಹತ್ತಿರದ ನಮ್ಮ ಮನೆ ಅಂಗಳದಲ್ಲಿ ಅಡಿಕೆ ಒಣಗಲು ಹಾಕಿತ್ತು. ಎಂಟನೇ ಕ್ಲಾಸಿನ ಅಕ್ಕನ ಮಗಳು 31 ಅಡಿಕೆ ಹೆಕ್ಕಿ ಸಾಲು ಮಾಡಲು ಕೂತಳು. ಎರಡು ಸಾಲು, ಮೂರು ಸಾಲು, ಐದು ಸಾಲು. ಪ್ರತಿ ಸಲವೂ ಒಂದು ಅಡಿಕೆ ಉಳಿಯಿತು. 31 ಅವಿಭಾಜ್ಯ ಸಂಖ್ಯೆ, ಉಳಿಯಲೇಬೇಕು.

"ಮಾವ, ಸಾಲು ಮಾಡಿ ನೋಡದೆ ಹೇಳ್ಲಿಕ್ಕೆ ಆಗುದಿಲ್ವಾ?"

ಎಷ್ಟು ಒಳ್ಳೆಯ ಪ್ರಶ್ನೆ! ಗಣಿತಜ್ಞರಿಗೆ ಇದರ ಉತ್ತರ ಸಿಗಲು ನೂರಾರು ವರ್ಷ ಬೇಕಾಯಿತು.

ಐದು ಎರಡುಗಳನ್ನು ಗುಣಿಸಿ ಒಂದು ಕಳೆದರೆ 31. ಇಂಥ ಸಂಖ್ಯೆಗಳಲ್ಲಿ ಅವಿಭಾಜ್ಯ ಯಾವುವು ಎಂದು ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲಿ ಒಂದು ಪಟ್ಟಿ ಕೊಟ್ಟರು. ಎರಡುಗಳ ಎಣಿಕೆ 257 ಆಗುವವರೆಗೂ ಅದು ಹೋಗುತ್ತಿತ್ತು. ಪರೀಕ್ಷಿಸುವುದು ಹೇಗೆ? 1772ರಲ್ಲಿ ಗಣಿತಜ್ಞ ಆಯ್ಲರ್ 31 ಎರಡುಗಳ ಸಂಖ್ಯೆಯನ್ನು, ಅಂದರೆ 31 ಎರಡುಗಳನ್ನು ಗುಣಿಸಿ ಒಂದು ಕಳೆದಾಗ ಬರುವ 2147483647 ಅನ್ನು, ಅವಿಭಾಜ್ಯ ಎಂದು ತೋರಿಸಿದರು. ಅದೂ ಭಾಗಿಸಿ ಭಾಗಿಸಿಯೇ.

ದಾರಿ ತೆರೆದವರು ಫ್ರಾನ್ಸಿನ ಲ್ಯೂಕಾ, 1876ರಲ್ಲಿ. ಮುಂದೆ ಅಮೆರಿಕದ ಲೆಹ್ಮರ್ ಅದನ್ನು ಸರಳ ಮಾಡಿದರು. 4ರಿಂದ ಶುರು ಮಾಡಿ. ಅದನ್ನು ಅದರಿಂದಲೇ ಗುಣಿಸಿ 2 ಕಳೆಯಿರಿ: 14. ಮತ್ತೆ ಹಾಗೇ ಮಾಡಿದರೆ 194. 31ರಿಂದ ಭಾಗಿಸಿದರೆ ಉಳಿಯುವುದು 8. ಎಂಟಕ್ಕೂ ಅದೇ ಲೆಕ್ಕ: 62. 31ರಿಂದ ಭಾಗಿಸಿದರೆ ಉಳಿಯುವುದು ಸೊನ್ನೆ. ಐದು ಎರಡುಗಳಲ್ವಾ, ಎರಡು ಕಡಿಮೆ ಮಾಡಿ, ಮೂರೇ ಹೆಜ್ಜೆ. ಸೊನ್ನೆ ಬಂದರೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. ಒಂದು ಸಾಲೂ ಮಾಡಬೇಕಾಗಿಲ್ಲ.

ನನ್ನನ್ನು ಜಾಸ್ತಿ ಕಾಡುವುದು ಇದರ ಇನ್ನೊಂದು ಮುಖ. ಮರ್ಸೆನ್ ಪಟ್ಟಿಯಲ್ಲಿ 67 ಎರಡುಗಳ ಸಂಖ್ಯೆ ಇತ್ತು. ಅದು ಅವಿಭಾಜ್ಯ ಅಲ್ಲ ಎಂದು ಲ್ಯೂಕಾ ಅದೇ ವರ್ಷ ತೋರಿಸಿದರು. ಆದರೆ ಯಾವುದರಿಂದ ಭಾಗವಾಗುತ್ತದೆ? ಗೊತ್ತಿರಲಿಲ್ಲ. ಒಡೆಯುತ್ತದೆ ಎಂದು ಖಚಿತ, ಎಲ್ಲಿ ಒಡೆಯುತ್ತದೆ ಎಂದು ಮಾತ್ರ ಇಲ್ಲ. 27 ವರ್ಷಗಳ ನಂತರ, 1903ರಲ್ಲಿ, ಅಮೆರಿಕದ ಕೋಲ್ ಆ ಎರಡು ತುಂಡುಗಳನ್ನು ಮುಂದಿಟ್ಟರು: 193707721 ಮತ್ತು 761838257287. ಮರ್ಸೆನ್ ಪಟ್ಟಿಯಲ್ಲಿ 257 ಎರಡುಗಳ ಸಂಖ್ಯೆ ಕೂಡ ತಪ್ಪಾಗಿತ್ತು. 61, 89, 107 ಎರಡುಗಳ ಸಂಖ್ಯೆಗಳು ಬಿಟ್ಟುಹೋಗಿದ್ದವು. ಪೂರ್ತಿ ಸರಿಯಾಗುವಾಗ 1947 ಬಂದಿತ್ತು.

ಈ ಉಪಾಯ ಇಂಥ ಸಂಖ್ಯೆಗಳಿಗೆ ಮಾತ್ರ. ಯಾವುದೇ ಸಂಖ್ಯೆಗೂ ಒಪ್ಪುವ, ಖಚಿತವಾದ, ಅಂಕಿ ಹೆಚ್ಚಿದರೂ ಕೈಮೀರದ ವಿಧಾನ 2002ರಲ್ಲಿ ನಮ್ಮ ಕಾನ್ಪುರ ಐಐಟಿಯಿಂದ ಬಂತು. ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅದನ್ನು ಕೊಟ್ಟವರು. ಆದರೂ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಯ ದಾಖಲೆ ಬೇಟೆಗೆ ಲ್ಯೂಕಾ ದಾರಿಯೇ ವೇಗ. 2024ರ ಅಕ್ಟೋಬರಿನಲ್ಲಿ ಸಿಕ್ಕ ಸಂಖ್ಯೆಯಲ್ಲಿ 13,62,79,841 ಎರಡುಗಳಿವೆ. ಅದನ್ನು ಬರೆದರೆ 4,10,24,320 ಅಂಕಿ. ಪುಟಕ್ಕೆ 4,000 ಅಂಕಿ ಹಿಡಿಸಿದರೂ 10,000 ಪುಟ ದಾಟುತ್ತದೆ.

ಅಷ್ಟು ಹೇಳುವಷ್ಟರಲ್ಲಿ ಹುಡುಗಿ ಅಡಿಕೆ ಬಿಟ್ಟು ಪುಸ್ತಕ ತಂದಿದ್ದಳು. ಏಳು ಎರಡುಗಳ ಸಂಖ್ಯೆ 127. ಐದು ಹೆಜ್ಜೆ. ಅವಳು ಬರೆದದ್ದು: 4, 14, 67, 42, 111, 0.