ಅಪಮೌಲ್ಯ: ಇಳಿಯುವುದು ಬೇರೆ, ಇಳಿಸುವುದು ಬೇರೆ

ಡಾಲರ್ ಎದುರು ರೂಪಾಯಿ ಹತ್ತಿಪ್ಪತ್ತು ಪೈಸೆ ಜಾರಿದಾಗಲೆಲ್ಲ ‘ರೂಪಾಯಿ ಮತ್ತೆ ಅಪಮೌಲ್ಯ’ ಎಂಬ ತಲೆಬರಹವನ್ನು ಓದುವುದು ಈಗ ರೂಢಿಯಾಗಿಬಿಟ್ಟಿದೆ. ಕಳೆದ ವಾರ ಅಂಥದೇ ಒಂದು ವರದಿಯಲ್ಲಿ, ಆಮದುದಾರರು ಡಾಲರ್‌ಗಾಗಿ ಮುಗಿಬಿದ್ದದ್ದೇ ಈ ಅಪಮೌಲ್ಯಕ್ಕೆ ಕಾರಣವೆಂದು ಬರೆದಿತ್ತು. ಆಮದುದಾರರು ಮುಗಿಬಿದ್ದರೆ ರೂಪಾಯಿಯ ಬೆಲೆ ಕುಸಿಯುತ್ತದೆ, ಅದು ನಿಜ. ಆದರೆ ಅಪಮೌಲ್ಯ ಮಾಡುವ ಅಧಿಕಾರವನ್ನು ಅವರಿಗೆ ಯಾರೂ ಕೊಟ್ಟಿಲ್ಲ.

ಕನ್ನಡದಲ್ಲಿ ಈ ಗೊಂದಲ ಹುಟ್ಟಲೇಬಾರದಿತ್ತು. ‘ಇಳಿ’ ಎಂಬ ಧಾತುವಿಗೆ ‘ಇಸು’ ಸೇರಿದರೆ ‘ಇಳಿಸು’ ಆಗುತ್ತದೆ, ತಾನಾಗಿ ಆದದ್ದಕ್ಕೂ ಒಬ್ಬರು ಮಾಡಿದ್ದಕ್ಕೂ ಇರುವ ಅಂತರವನ್ನು ಎರಡೇ ಅಕ್ಷರ ತೋರಿಸಿಬಿಡುತ್ತವೆ. ಮಾರುಕಟ್ಟೆಯಲ್ಲಿ ಬೆಲೆ ಇಳಿದರೆ ಅದು ಕುಸಿತ. ಸರ್ಕಾರವೇ ಒಂದು ದರವನ್ನು ಗೊತ್ತುಮಾಡಿಟ್ಟು, ಒಂದು ದಿನ ಪ್ರಕಟಣೆ ಹೊರಡಿಸಿ ಅದನ್ನು ಇಳಿಸಿದರೆ ಮಾತ್ರ ಅಪಮೌಲ್ಯ. ತೊಡಕು ಬಂದದ್ದು ಸಂಸ್ಕೃತದ ಪದವನ್ನು ನಾವು ಕತ್ತರಿಸಿಕೊಂಡ ರೀತಿಯಿಂದ. ಹಿಂದಿಯವರು ಇದಕ್ಕೆ ‘ಅವಮೂಲ್ಯನ್’ ಎನ್ನುತ್ತಾರೆ. ಕೊನೆಯಲ್ಲಿರುವ ಪ್ರತ್ಯಯವೇ ಇದೊಂದು ಕ್ರಿಯೆಯೆಂದು ಸಾರುತ್ತದೆ. ನಮ್ಮ ‘ಅಪಮೌಲ್ಯ’ದಲ್ಲಿ ಆ ಬಾಲವಿಲ್ಲದ ಕಾರಣ, ಅದು ಕ್ರಿಯೆಯ ಹೆಸರಾಗಿ ಕೇಳಿಸದೆ ಅಪಕೀರ್ತಿ, ಅಪಜಯಗಳ ಸಾಲಿನಲ್ಲಿ ಕುಳಿತ ಒಂದು ದುಃಸ್ಥಿತಿಯಂತೆ ಕೇಳಿಸುತ್ತದೆ. ‘ಅಪಮೌಲ್ಯೀಕರಣ’ ಎಂದು ಉದ್ದ ಮಾಡಿದವರನ್ನು ಹಿಂದೆ ನಾನೂ ಹಾಸ್ಯ ಮಾಡಿದ್ದುಂಟು; ಈಗ ಅವರ ಪಕ್ಷ ವಹಿಸುತ್ತೇನೆ. ರಾಷ್ಟ್ರೀಕರಣ, ವಿದ್ಯುದೀಕರಣಗಳಲ್ಲಿರುವಂತೆ ‘ಕರಣ’ ಬಂದ ಕೂಡಲೇ ಕರ್ತೃವನ್ನು ಕೇಳುತ್ತದೆ. ಯಾರು ಇಳಿಸಿದರು, ಯಾವ ದಿನ ಇಳಿಸಿದರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದ ಕಡೆ ಈ ಪದಕ್ಕೆ ಪ್ರವೇಶವಿಲ್ಲ.

ಸ್ವತಂತ್ರ ಭಾರತದಲ್ಲಿ ಈ ಪ್ರಶ್ನೆಗಳಿಗೆ ಖಚಿತ ಉತ್ತರವಿರುವ ಸಂದರ್ಭಗಳು ಮೂರು: 1949, 1966 ಮತ್ತು 1991. ಮೊದಲನೆಯದಕ್ಕೆ ಹೋಗುವ ಮುನ್ನ, ಪ್ರತಿ ಆಗಸ್ಟ್ 15ರಂದು ಮೊಬೈಲಿನಿಂದ ಮೊಬೈಲಿಗೆ ಹಾರುವ ‘1947ರಲ್ಲಿ ಒಂದು ರೂಪಾಯಿಗೆ ಒಂದು ಡಾಲರ್’ ಎಂಬ ಕಥೆಯನ್ನು ಇಲ್ಲೇ ಮುಗಿಸುವುದು ಒಳ್ಳೆಯದು. ರೂಪಾಯಿಯನ್ನು ಅಂದು ಕಟ್ಟಿಹಾಕಿದ್ದದ್ದು ಡಾಲರಿಗಲ್ಲ, ಪೌಂಡಿಗೆ. 1927ರಿಂದ ಒಂದು ರೂಪಾಯಿಗೆ ಒಂದು ಷಿಲಿಂಗ್ ಆರು ಪೆನ್ಸ್, ಅಂದರೆ 18 ಪೆನ್ಸ್. ಪೌಂಡಿಗೆ 240 ಪೆನ್ಸ್ ಇದ್ದುದರಿಂದ ಒಂದು ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ. ಅದೇ ಪೌಂಡು 4.03 ಡಾಲರ್ ಬಾಳುತ್ತಿತ್ತು. ಭಾಗಿಸಿ ನೋಡಿದರೆ ಒಂದು ಡಾಲರಿಗೆ ಸುಮಾರು 3 ರೂಪಾಯಿ 31 ಪೈಸೆಯಾಗುತ್ತದೆ.

1949ರ ಸೆಪ್ಟೆಂಬರಿನಲ್ಲಿ ಬ್ರಿಟನ್ ತನ್ನ ಪೌಂಡನ್ನು 4.03ರಿಂದ 2.80 ಡಾಲರಿಗೆ ಇಳಿಸಿತು. ಭಾರತವೂ ಜೊತೆಯಲ್ಲೇ ಇಳಿಸಿದ್ದರಿಂದ ಡಾಲರಿನ ಬೆಲೆ 4 ರೂಪಾಯಿ 76 ಪೈಸೆಗೆ ಏರಿತು; ಪೌಂಡಿನ ಬೆಲೆ ಮಾತ್ರ ಅದೇ ಹದಿಮೂರು ಚಿಲ್ಲರೆಯಲ್ಲಿ ನಿಂತಿತು. ಅಪಮೌಲ್ಯವೆಂದಾಗ ‘ಯಾವುದರ ಎದುರು’ ಎಂದು ಹೇಳದೆ ವಾಕ್ಯ ಪೂರ್ಣವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಪಾಕಿಸ್ತಾನ ಆಗ ತನ್ನ ರೂಪಾಯಿಯನ್ನು ಇಳಿಸಲು ಒಪ್ಪಲಿಲ್ಲ. ಅದುವರೆಗೆ ಸರಿಸಮವಾಗಿದ್ದ ಎರಡು ರೂಪಾಯಿಗಳ ನಡುವೆ ಅವರ ನೂರಕ್ಕೆ ನಮ್ಮ ನೂರ ನಲವತ್ತನಾಲ್ಕು ಎಂಬ ಲೆಕ್ಕ ಬಂದು, ಭಾರತ ಅದನ್ನು ಒಪ್ಪದೆ, ಎರಡು ದೇಶಗಳ ವ್ಯಾಪಾರವೇ ಸ್ಥಗಿತಗೊಳ್ಳುವ ಹಂತಕ್ಕೆ ಹೋಯಿತು.

1966ರ ಜೂನ್ 6ರದು ಅಂಕಿಗಳ ಗೊಂದಲಕ್ಕೆ ಹೆಸರಾದ ಪ್ರಕರಣ. ಇಂದಿರಾ ಗಾಂಧಿಯವರ ಸರ್ಕಾರ ಡಾಲರಿನ ದರವನ್ನು 4.76ರಿಂದ 7.50ಕ್ಕೆ ಬದಲಾಯಿಸಿತು. ಇದನ್ನು ಕೆಲವರು ಶೇ 36.5ರ ಅಪಮೌಲ್ಯವೆಂದೂ ಕೆಲವರು ಶೇ 57.5ರ ಅಪಮೌಲ್ಯವೆಂದೂ ಬರೆಯುತ್ತಾರೆ, ಒಂದೇ ಲೇಖನದಲ್ಲಿ ಎರಡನ್ನೂ ಬರೆದವರನ್ನು ಕಂಡಿದ್ದೇನೆ. ಒಂದು ರೂಪಾಯಿಗೆ ಮೊದಲು 21 ಸೆಂಟ್ ಸಿಗುತ್ತಿತ್ತು, ಆಮೇಲೆ 13.33 ಸೆಂಟ್ ಸಿಕ್ಕಿತು. ರೂಪಾಯಿ ಕಳೆದುಕೊಂಡದ್ದು ಶೇ 36.5. ನೂರು ಡಾಲರಿನ ಯಂತ್ರಕ್ಕೆ ಮೊದಲು 476 ರೂಪಾಯಿ ತೆರುತ್ತಿದ್ದವನು ಆಮೇಲೆ 750 ತೆತ್ತ. ಅವನ ಖರ್ಚು ಏರಿದ್ದು ಶೇ 57.5. ಎರಡೂ ಸರಿ, ಆದರೆ ಅಪಮೌಲ್ಯದ ಪ್ರಮಾಣವೆಂದು ಹೇಳಬೇಕಾದದ್ದು ಮೊದಲನೆಯದನ್ನು. ಅಂದು ಏಟು ತಿಂದವರಲ್ಲಿ ಕೊಲ್ಲಿಯವರೂ ಇದ್ದರು. ರಿಸರ್ವ್ ಬ್ಯಾಂಕ್ 1959ರಿಂದ ಆ ಪ್ರದೇಶಕ್ಕೆಂದೇ ಅಚ್ಚು ಹಾಕಿಸುತ್ತಿದ್ದ ಗಲ್ಫ್ ರೂಪಾಯಿಯೂ ದೆಹಲಿಯ ಪ್ರಕಟಣೆಯೊಂದಿಗೆ ತಾನೂ ಇಳಿದುದರಿಂದ, ಕತಾರ್, ದುಬೈಗಳು ಅದೇ ವರ್ಷ ಅದನ್ನು ಕೈಬಿಟ್ಟು ಸ್ವಂತ ರಿಯಾಲ್ ತಂದವು. ಮರುವರ್ಷ ಬ್ರಿಟನ್ ಪೌಂಡನ್ನು ಮತ್ತೆ ಇಳಿಸಿದಾಗ ಭಾರತ ಹಿಂಬಾಲಿಸದಿದ್ದುದರಿಂದ, 21 ರೂಪಾಯಿಯ ಪೌಂಡು 18ಕ್ಕೆ ಬಂತು.

1991ರ ಜುಲೈ 1ರಂದು ಮತ್ತು 3ರಂದು, ಎರಡು ಕಂತುಗಳಲ್ಲಿ, ಸುಮಾರು 21 ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರನ್ನು 26ರ ಹತ್ತಿರಕ್ಕೆ ಒಯ್ಯಲಾಯಿತು. 1993ರ ಮಾರ್ಚ್‌ನಿಂದ ದರವನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಇಳಿಸಲು ಸರ್ಕಾರದ ಕೈಯಲ್ಲಿ ನಿಗದಿತ ದರವೇ ಉಳಿಯಲಿಲ್ಲ. ರಿಸರ್ವ್ ಬ್ಯಾಂಕ್ ಈಗಲೂ ಡಾಲರ್ ಕೊಳ್ಳುತ್ತದೆ, ಮಾರುತ್ತದೆ, ಏರಿಳಿತದ ರಭಸವನ್ನು ತಗ್ಗಿಸುತ್ತದೆ. ಅಂದಿನಿಂದ ಇಂದಿನವರೆಗೆ ರೂಪಾಯಿ ಎಷ್ಟು ಇಳಿದಿದ್ದರೂ ಅದು ಕುಸಿತವೇ. (ಅದನ್ನು ‘ಸಾರ್ವಕಾಲಿಕ ಕುಸಿತ’ ಎನ್ನುವವರಿಗೆ ಇನ್ನೊಂದು ಲೇಖನವೇ ಬೇಕು, ಸಾರ್ವಕಾಲಿಕವಾದ ಕುಸಿತ ಮುಂದಿನ ವಾರ ಮತ್ತೆ ಹೇಗೆ ಬರುತ್ತದೆ?)

2016ರ ನವೆಂಬರ್ 8ರಂದು 500 ಮತ್ತು 1000 ರೂಪಾಯಿಯ ನೋಟುಗಳನ್ನು ರದ್ದುಪಡಿಸಿದ್ದಕ್ಕೂ ‘ನೋಟು ಅಪಮೌಲ್ಯೀಕರಣ’ ಎಂದು ಹೆಸರಿಟ್ಟವರುಂಟು. ಅಲ್ಲಿ ಕರ್ತೃವೂ ಇದ್ದ, ದಿನವೂ ಇತ್ತು, ಆದರೆ ವಿನಿಮಯ ದರದ ಸುದ್ದಿಯೇ ಇರಲಿಲ್ಲ. ಅದು ಅಮಾನ್ಯೀಕರಣ. ಐನೂರರ ನೋಟನ್ನು ನಾನೂರು ಮಾಡಿದ್ದರೆ ಅಪಮೌಲ್ಯದ ಮಾತಾಡಬಹುದಿತ್ತು.

ಈ ಪದಕ್ಕೆ ಇಂದಿಗೂ ಕೆಲಸವಿರುವ ಜಾಗ ನಮ್ಮ ನೆರೆಯಲ್ಲೇ ಇದೆ. ನಮ್ಮ 100 ರೂಪಾಯಿಗೆ ನೇಪಾಳದ 160 ರೂಪಾಯಿ ಎಂಬ ದರ 1993ರಿಂದ ಕದಲಿಲ್ಲ. ಡಾಲರ್ ಎದುರು ನಮ್ಮದು ಕುಸಿದ ದಿನ ಅವರದೂ ಕುಸಿಯುತ್ತದೆ. ಆದರೆ ಆ 160 ಎಂದಾದರೂ 170 ಆದರೆ, ಅದನ್ನು ಕಠ್ಮಂಡುವಿನಲ್ಲಿ ಯಾರೋ ಕುಳಿತು, ಸಹಿ ಹಾಕಿ, ತಾರೀಖು ಬರೆದೇ ಮಾಡಬೇಕು.