ಇಮಿಡಾ ಹೊಡೆದರೂ ಮುಟುರು ಯಾಕೆ ಹೋಗಲಿಲ್ಲ?

ಪ್ರಶ್ನೆ: ಶೇಡ್‌ನೆಟ್‌ನ್ಯಾಗ 10 ಗುಂಟೆ ಕ್ಯಾಪ್ಸಿಕಂ ಹಚ್ಚೀವ್ರಿ. ಕುಡಿ ಮುಟುರಿ ನಿಂತೈತಿ. ನುಸಿ ಐತಿ ಅಂದ್ರು, ಇಮಿಡಾ ಎರಡು ಸಲ ಹೊಡದ್ವಿ. ಮತ್ತಷ್ಟು ಜಾಸ್ತಿ ಆತು. ಈಗ ಯಾವ ಎಣ್ಣಿ ಹೊಡೀಬೇಕ್ರಿ?

ಕುಷ್ಟಗಿಯಿಂದ ಬರಲಿ, ಸಿರುಗುಪ್ಪದಿಂದ ಬರಲಿ, ಪ್ರಶ್ನೆ ಇದೇ. ಹೊಡೆದಿರುವ ಎಣ್ಣೆಯೂ, ಅಂದರೆ ಕೀಟನಾಶಕವೂ, ಇದೇ: ಇಮಿಡಾಕ್ಲೋಪ್ರಿಡ್, ನಮ್ಮ ಬಾಯಲ್ಲಿ ಇಮಿಡಾ. ಮುಟುರು ಬಂದ ಎಲೆ ಯಾವ ಕಡೆ ಮುದುಡಿದೆ ಅಂತ ಮಾತ್ರ ಯಾರೂ ಬರೆಯುವುದಿಲ್ಲ, ಉತ್ತರ ಇರುವುದೇ ಅಲ್ಲಿ.

ತಪ್ಪು ಅರ್ಧ ನಮ್ಮ ಮಾತಿನದೇ. ಥ್ರಿಪ್ಸ್‌ಗೂ ನುಸಿ ಅನ್ನುತ್ತೇವೆ, ಮೈಟ್‌ಗೂ ನುಸಿ ಅನ್ನುತ್ತೇವೆ. ಹೆಸರು ಒಂದೇ ಆದಮೇಲೆ ಎಣ್ಣೆಯೂ ಒಂದೇ ಅಂದುಕೊಳ್ಳುವುದು ಸಹಜ. ಥ್ರಿಪ್ಸ್ ಆರು ಕಾಲಿನ ಕೀಟ. ಮೈಟ್ ಕೀಟವೇ ಅಲ್ಲ, ಅದಕ್ಕೆ ಎಂಟು ಕಾಲು, ಅದು ಜೇಡ ಮತ್ತು ಉಣ್ಣೆಯ ಬಳಗ. ಇಮಿಡಾಕ್ಲೋಪ್ರಿಡ್ ರಸ ಹೀರುವ ಕೀಟಗಳಿಗೆ ಮಾಡಿದ ಔಷಧ, ಮೈಟ್ ಸಾಯಿಸುವ ಗುಣ ಅದಕ್ಕಿಲ್ಲ. ಡೋಸ್ ಎರಡು ಪಟ್ಟು ಮಾಡಿದರೂ ಇಲ್ಲ. ಅಂಗಡಿಯಲ್ಲಿ ‘ಇದು ಬ್ಯಾರೆ ಕಂಪನಿದು’ ಅಂತ ಥಯಾಮೆಥಾಕ್ಸಾಮ್ ಅಥವಾ ಅಸಿಟಾಮಿಪ್ರಿಡ್ ಕೊಟ್ಟರೆ ಬದಲಾಗುವುದು ಡಬ್ಬಿ ಮಾತ್ರ. ಮೂರೂ ಒಂದೇ ಗುಂಪಿನವು.

‘ಕಡಿಮೆ ಆಗದಿದ್ರ ಆಗಲಿ, ಜಾಸ್ತಿ ಯಾಕ ಆತು?’ ಅಂತೀರಿ. ಮೈಟ್ ತಿನ್ನುವ ಸಣ್ಣ ಜೀವಿಗಳು ನಿಮ್ಮ ಬೆಳೆಯಲ್ಲೇ ಇರುತ್ತವೆ. ಸಿಕ್ಕ ಎಣ್ಣೆ ಹೊಡೆದಾಗ ಮೊದಲು ಸಾಯುವವು ಅವೇ. ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್‌ನಂಥ ಕೀಟನಾಶಕ ಬೆರೆಸಿದ್ದರಂತೂ ಕೇಳುವುದೇ ಬೇಡ. ಜೊತೆಗೆ, ಇಮಿಡಾ ಬಿದ್ದ ಗಿಡದಲ್ಲಿ ಕೆಂಪು ಜೇಡ ನುಸಿ (ಇದೂ ಒಂದು ಮೈಟ್) ಹೆಚ್ಚು ಮೊಟ್ಟೆ ಇಡುವುದೂ ಕೆಲವು ಬೆಳೆಗಳಲ್ಲಿ ಕಂಡುಬಂದಿದೆ. ದುಡ್ಡು ಕೊಟ್ಟು ನುಸಿ ಸಾಕಿದಂತೆ ಆಯಿತು.

2021-22ರಲ್ಲಿ ಬಳ್ಳಾರಿ, ರಾಯಚೂರು ಕಡೆ ಮೆಣಸಿನಕಾಯಿ ಹೂವಿಗೆ ಕಪ್ಪು ಥ್ರಿಪ್ಸ್ ಬಿದ್ದಾಗಿನಿಂದ ಎಲೆ ಸ್ವಲ್ಪ ಸೊಟ್ಟಗಾದರೂ ‘ಥ್ರಿಪ್ಸ್ ಬಂತು’ ಎನ್ನುವ ಗಾಬರಿ ಹೋಗಿಲ್ಲ. ಅದಕ್ಕೇ ಎಣ್ಣೆ ಕೇಳುವ ಮುಂಚೆ ನೋಡಿ. ಎಲೆಯ ಅಂಚು ಮೇಲಕ್ಕೆ ಎದ್ದು ದೋಣಿಯಂತಾಗಿದ್ದರೆ ಥ್ರಿಪ್ಸ್. ಅಂಚು ಕೆಳಕ್ಕೆ ಮಡಚಿ, ಎಲೆ ಕಿರಿದಾಗಿ ತೊಟ್ಟು ಇಲಿ ಬಾಲದಂತೆ ಉದ್ದವಾಗಿದ್ದರೆ ಹಳದಿ ಮೈಟ್. ಕುಡಿ ಚೆನ್ನಾಗಿದ್ದು ಕೆಳಗಿನ ಎಲೆಯಲ್ಲಿ ಸೂಜಿ ಚುಚ್ಚಿದಂಥ ಹಳದಿ ಚುಕ್ಕೆ, ಹಿಂದೆ ತೆಳು ಬಲೆ ಕಂಡರೆ ಕೆಂಪು ಜೇಡ ನುಸಿ. (ಪಕ್ಕದ ಭತ್ತದ ಗದ್ದೆಗೆ ಯಾರಾದರೂ 2,4-ಡಿ ಕಳೆನಾಶಕ ಹೊಡೆದಿದ್ದಾರಾ ಅಂತಲೂ ವಿಚಾರಿಸಿ. ಅದು ಗಾಳಿಗೆ ಹಾರಿ ಬಂದರೂ ಎಲೆ ಸೊಟ್ಟಗಾಗುತ್ತದೆ, ಅದಕ್ಕೆ ಯಾವ ಎಣ್ಣೆಯೂ ಇಲ್ಲ.)

ಖಾತ್ರಿ ಬೇಕಿದ್ದರೆ 10 ಪಟ್ಟು ದೊಡ್ಡದು ತೋರಿಸುವ ಮಸೂರ ಇಟ್ಟುಕೊಳ್ಳಿ. ಕುಡಿಯನ್ನು ಬಿಳಿ ಹಾಳೆಯ ಮೇಲೆ ತಟ್ಟಿ. ಸಣ್ಣ ಕಡ್ಡಿಯಂಥದ್ದು ಓಡಾಡಿದರೆ ಥ್ರಿಪ್ಸ್, ಅದು ಬರಿಗಣ್ಣಿಗೂ ಕಾಣುತ್ತದೆ. ಹಳದಿ ಮೈಟ್ 0.2 ಮಿ.ಮೀ. ಅಷ್ಟೇ, ತಟ್ಟಿದರೆ ಸಿಗದು. ಎಳೆ ಎಲೆ ಕಿತ್ತು ಮಗುಚಿ, ನರದ ಪಕ್ಕ ಮಸೂರ ಹಿಡಿಯಿರಿ. ಗಾಜಿನ ಮಣಿಗೆ ಬಿಳಿ ಚುಕ್ಕೆ ಇಟ್ಟಂಥ ಮೊಟ್ಟೆ ಕಂಡರೆ ಅದೇ. ಒಮ್ಮೆ ನೋಡಿದವರು ಮತ್ತೆ ಮರೆಯುವುದಿಲ್ಲ.

ಈಗ ಎಣ್ಣೆ. ಹಳದಿ ಮೈಟ್‌ಗೆ ಸ್ಪೈರೋಮೆಸಿಫೆನ್ 22.9 ಎಸ್‌ಸಿ, 10 ಗುಂಟೆಗೆ 40 ಮಿ.ಲೀ., 50 ಲೀಟರ್ ನೀರಿನಲ್ಲಿ. ಅಂದರೆ 16 ಲೀಟರ್ ಪಂಪಿಗೆ 13 ಮಿ.ಲೀ. ಅಳತೆ ಲೋಟದಲ್ಲಿ ಅಳೆಯಿರಿ, ಮುಚ್ಚಳದ ಲೆಕ್ಕ ಬೇಡ. ಇದು ಮೊಟ್ಟೆ ಮತ್ತು ಮರಿಗಳ ಮೇಲೆ ಕೆಲಸ ಮಾಡುವ ನಿಧಾನದ ಔಷಧ. ಮೂರನೇ ದಿನವೇ ‘ಏನೂ ಆಗಿಲ್ಲ’ ಅಂತ ಇನ್ನೊಂದು ಹೊಡೆಯಬೇಡಿ. 8–10 ದಿನ ಬಿಟ್ಟು ಮಸೂರ ಹಿಡಿದು ನೋಡಿ. ಇನ್ನೂ ಇದ್ದರೆ ಬೇರೆ ಗುಂಪಿನ ಫೆನ್‌ಪೈರಾಕ್ಸಿಮೇಟ್ 5 ಇಸಿ, ಲೀಟರಿಗೆ 1 ಮಿ.ಲೀ. ಡೈಕೋಫಾಲ್ ಹುಡುಕಿಕೊಂಡು ಹೋಗಬೇಡಿ, 2023ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿದೆ. ನೀರಿನಲ್ಲಿ ಕರಗುವ ಗಂಧಕ ಅಗ್ಗ, ಲೀಟರಿಗೆ 2–3 ಗ್ರಾಂ. ಆದರೆ ನಮ್ಮ ಬೇಸಿಗೆಯ ಬಿಸಿಲಲ್ಲಿ ಎಲೆ ಸುಡುತ್ತದೆ, ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೂ ಹೊಡೆಯಬಾರದು. ಯಾವುದೇ ಹೊಡೆದರೂ ಲೇಬಲ್ಲಿನಲ್ಲಿ ಬರೆದಷ್ಟು ದಿನ ಕಾಯಿ ಕೀಳಬೇಡಿ.

ಸರಿಯಾದ ಎಣ್ಣೆ ತಂದವರೂ ಸೋಲುವುದು ಮೇಲಿಂದ ಹೊಡೆದು. ನುಸಿ ಇರುವುದು ಎಲೆಯ ಹಿಂದೆ. ನಾಜಲ್ ಕೆಳಗೆ ಹಿಡಿದು ಮೇಲ್ಮುಖವಾಗಿ ಹೊಡೆಯಿರಿ, ಕುಡಿ ಪೂರ್ತಿ ನೆನೆಯಲಿ.

ಇನ್ನೊಂದು: ಮುದುಡಿದ ಎಲೆ ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ನುಸಿ ಪೂರ್ತಿ ಸತ್ತರೂ ಆ ಎಲೆ ಹಾಗೇ ಇರುತ್ತದೆ. ಅದನ್ನು ನೋಡಿ ನಾಲ್ಕನೇ, ಐದನೇ ಸಲ ಹೊಡೆಯುವವರೇ ಬಹಳ. ಎರಡು ವಾರದ ನಂತರ ಬಂದ ಹೊಸ ಕುಡಿ ನೆಟ್ಟಗಿದ್ದರೆ ಕೆಲಸ ಆಗಿದೆ, ಪಂಪು ತೊಳೆದಿಡಿ.

ಹಳದಿ ಅಂಟು ಹಾಳೆ ಕಟ್ಟಿದ್ದೀವಲ್ಲ ಅಂತ ಕೇಳುವಿರಿ. ಮೈಟ್‌ಗೆ ರೆಕ್ಕೆ ಇಲ್ಲ, ಹಾಳೆಗೆ ಬೀಳುವುದಿಲ್ಲ. ಬಿಳಿ ನೊಣ ಬೀಳುತ್ತದೆ. ಆದರೂ ಹಾಳೆ ಇರಲಿ, ಯಾಕೆಂದರೆ ಹಳದಿ ಮೈಟ್ ಬಿಳಿ ನೊಣದ ಕಾಲು ಹಿಡಿದು ಸವಾರಿ ಮಾಡಿ ಗಿಡದಿಂದ ಗಿಡಕ್ಕೆ ಹೋಗುತ್ತದೆ. ಹಾಳೆಗೆ ಬರುವ ಬಿಳಿ ನೊಣ ಹಳದಿ ಬಟ್ಟೆಗೂ ಬರುತ್ತದೆ. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: ಕಾಯಿ ಬಿಡಿಸಲು ಬರುವ ಹೆಣ್ಣುಮಕ್ಕಳಿಗೆ ಆ ದಿನ ಹಳದಿ ಸೀರೆ ಬೇಡವ್ವಾ ಅನ್ನಿ. ಬಿಡಿಸುವುದನ್ನು ಚೆನ್ನಾಗಿರುವ ಸಾಲಿನಿಂದ ಶುರು ಮಾಡಿಸಿ, ಮುಟುರು ಬಂದ ಸಾಲು ಕೊನೆಗೆ. ಅಲ್ಲಿಂದ ನೇರ ಮನೆಗೆ ಹೋಗಲಿ, ಸಸಿ ಮಡಿಯ ಕಡೆ ಅಲ್ಲ.