ಮೇಲಿನ ಇನ್ನೂರು ಚೀಟಿ

ಐರ್ಲೆಂಡಿನ ಕೌಂಟಿಗಳಲ್ಲೇ ಅತಿ ಕಡಿಮೆ ಜನರಿರುವುದು ಲೀಟ್ರಿಮ್‌ನಲ್ಲಿ. ಎಲ್ಲ ಸೇರಿ ಸುಮಾರು 35 ಸಾವಿರ ಜನ. ಶಾನನ್ ನದಿ, ಅಲ್ಲಲ್ಲಿ ಕೆರೆಗಳು, ಕಾಲಿಟ್ಟರೆ ಹೂಳುವಂಥ ಜೌಗು ಹುಲ್ಲುಗಾವಲು, ಗುಡ್ಡಗಳ ಮೇಲೆ ಸಿಟ್ಕಾ ಸ್ಪ್ರೂಸ್ ಮರದ ನೆಡುತೋಪು. ಇಲ್ಲಿನ ಕೌಂಟಿ ಕೌನ್ಸಿಲ್‌ಗೆ 18 ಸದಸ್ಯರು. ಬ್ಯಾಲಿನಮೋರ್, ಕ್ಯಾರಿಕ್-ಆನ್-ಶಾನನ್, ಮ್ಯಾನರ್‌ಹ್ಯಾಮಿಲ್ಟನ್ ಅಂತ ಮೂರು ಕ್ಷೇತ್ರ, ಒಂದೊಂದರಿಂದ ಆರಾರು ಜನ. ರಸ್ತೆಯ ಗುಂಡಿ, ಮನೆ ಕಟ್ಟಲು ಅನುಮತಿ, ಲೈಬ್ರರಿ, ಊರಿನ ಸುತ್ತ ಹಬ್ಬುತ್ತಿರುವ ತೋಪು, ಇವೇ ಪ್ರಚಾರದ ವಿಷಯಗಳು.

2024ರ ಜೂನ್ 7ರಂದು ದೇಶದ 31 ಸ್ಥಳೀಯ ಸಂಸ್ಥೆಗಳಿಗೆ ಒಟ್ಟಿಗೇ ಚುನಾವಣೆ ನಡೆಯಿತು. ಒಟ್ಟು 949 ಸ್ಥಾನ. ಲೀಟ್ರಿಮ್‌ನ 18 ಅದರಲ್ಲಿ ತೀರಾ ಸಣ್ಣ ಪಾಲು. ಆದರೂ ಈ ಸಣ್ಣ ಕೌಂಟಿಯ ಎಣಿಕೆ ಮೇಜಿನ ಮೇಲೆ ಸಂಖ್ಯಾಶಾಸ್ತ್ರದ ಒಂದು ಸೊಗಸಾದ ಪ್ರಶ್ನೆ ಕೂತಿದೆ. ಅದು ಬರೀ ಲೆಕ್ಕದ ಮಾತಲ್ಲ. ಕೆಲವೊಮ್ಮೆ ಯಾರು ಗೆಲ್ಲುತ್ತಾರೆ ಅನ್ನುವುದೇ ಅದರ ಮೇಲೆ ನಿಂತಿರುತ್ತದೆ.

ಮತ ಹಾಕುವ ಕ್ರಮ ಸರಳ. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಮತಗಟ್ಟೆ ತೆರೆದಿರುತ್ತದೆ. ಮತಪತ್ರದಲ್ಲಿ ಅಭ್ಯರ್ಥಿಗಳ ಫೋಟೊ, ಹೆಸರು, ಪಕ್ಷದ ಗುರುತು. ಪಕ್ಕದ ಚೌಕದಲ್ಲಿ ಪೆನ್ಸಿಲ್ಲಿನಿಂದ 1, 2, 3 ಅಂತ ಬರೆಯುತ್ತಾ ಹೋಗಬೇಕು. ಎಷ್ಟು ಜನರಿಗೆ ಬೇಕೋ ಅಷ್ಟು ಜನರಿಗೆ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿ ಮತ ಹಾಕಿದವರಿಗೆ ಇದು ಹೊಸದೇನಲ್ಲ. ಅಲ್ಲಿ ಕೊಡುವ ನೇರಳೆ ಸ್ಕೆಚ್ ಪೆನ್ನಿನ ಬದಲು ಇಲ್ಲಿ ಪೆನ್ಸಿಲ್. ಕರ್ನಾಟಕದ ಆರು ಕ್ಷೇತ್ರಗಳಲ್ಲಿ ಆ ಮತದಾನ ನಡೆದದ್ದೂ 2024ರ ಜೂನ್ 3ರಂದೇ, ಲೀಟ್ರಿಮ್‌ಗಿಂತ ನಾಲ್ಕೇ ದಿನ ಮೊದಲು. ಆದರೆ ಅಲ್ಲಿ ಗೆಲ್ಲುವವರು ಒಬ್ಬರೇ. ಲೀಟ್ರಿಮ್‌ನ ಒಂದು ಕ್ಷೇತ್ರದಲ್ಲಿ ಆರು ಜನ ಗೆಲ್ಲಬೇಕು. ಪ್ರಶ್ನೆ ಹುಟ್ಟುವುದೇ ಅಲ್ಲಿಂದ.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಕಲ್ಪಿತ, ನಿಯಮ ಮಾತ್ರ ನಿಜವಾದದ್ದು. ಒಂದು ಕ್ಷೇತ್ರದಲ್ಲಿ 7,000 ಸಿಂಧು ಮತ, 6 ಸ್ಥಾನ. ಗೆಲ್ಲಲು ಎಷ್ಟು ಮತ ಬೇಕು? ಸ್ಥಾನಗಳಿಗೆ ಒಂದು ಕೂಡಿಸಿ, ಬಂದ 7ರಿಂದ ಒಟ್ಟು ಮತವನ್ನು ಭಾಗಿಸಿ, ಬಂದದ್ದಕ್ಕೆ ಮತ್ತೆ ಒಂದು ಕೂಡಿಸಿ. 1,001 ಬರುತ್ತದೆ. ಇದೇ ಕೋಟಾ. ಯಾಕೆ ಈ ಅಂಕಿ ಅಂದರೆ, ಆರು ಜನ 1,001 ಮತ ಪಡೆದರೆ 6,006 ಆಯಿತು. ಉಳಿಯುವುದು 994. ಏಳನೆಯವರು ಏನು ಮಾಡಿದರೂ ಕೋಟಾ ಮುಟ್ಟಲಾರರು. ಆರು ಜನರನ್ನಷ್ಟೇ ಒಳಗೆ ಬಿಡುವ ಅತಿ ಚಿಕ್ಕ ಪೂರ್ಣಸಂಖ್ಯೆ ಇದು. ಇಂಗ್ಲೆಂಡಿನ ಹೆನ್ರಿ ಡ್ರೂಪ್ 1868ರಲ್ಲಿ ಇದನ್ನು ಮುಂದಿಟ್ಟರು. ಹೀಗೆ 1, 2, 3 ಬರೆದು ಆರಿಸುವ ಪ್ರಾಶಸ್ತ್ಯ ಪದ್ಧತಿಯ ಬೇರು ಇನ್ನೂ ಹಿಂದಿನದು. 1850ರ ದಶಕದಲ್ಲಿ ಡೆನ್ಮಾರ್ಕಿನ ಗಣಿತಜ್ಞ, ರಾಜಕಾರಣಿ ಕಾರ್ಲ್ ಆಂಡ್ರೆ ಮತ್ತು ಇಂಗ್ಲೆಂಡಿನ ವಕೀಲ ಥಾಮಸ್ ಹೇರ್ ಬೇರೆ ಬೇರೆಯಾಗಿಯೇ ಈ ಯೋಚನೆಗೆ ಬಂದಿದ್ದರು.

ಐರ್ಲೆಂಡಿನಲ್ಲಿ ಒಂದು ಪುರಸಭೆ ಈ ಪದ್ಧತಿಯಲ್ಲಿ ಮೊದಲು ಆರಿಸಿ ಬಂದದ್ದು ಲೀಟ್ರಿಮ್‌ನ ಪಕ್ಕದ ಸ್ಲೈಗೊ ಪಟ್ಟಣದಲ್ಲಿ, 1919ರ ಜನವರಿಯಲ್ಲಿ. ಸಾಲದಲ್ಲಿ ಮುಳುಗಿದ್ದ ಪುರಸಭೆಗೆ ಎಲ್ಲ ಬಣದವರೂ ಬರಲಿ ಅಂತ ವಿಶೇಷ ಕಾಯ್ದೆಯನ್ನೇ ಮಾಡಿದ್ದರು. ಮರುವರ್ಷ ಇಡೀ ದೇಶದ ಸ್ಥಳೀಯ ಚುನಾವಣೆ ಹೀಗೇ ನಡೆಯಿತು. ಸಂಸತ್ತಿನ ಚುನಾವಣೆಯಲ್ಲಿ ಇದನ್ನು ಕೈಬಿಟ್ಟು ನಮ್ಮಂತೆ ಜಾಸ್ತಿ ಮತ ಬಂದವರೇ ಗೆಲ್ಲುವ ಪದ್ಧತಿ ತರಲು 1959ರಲ್ಲಿ, ಮತ್ತೆ 1968ರಲ್ಲಿ ಸರ್ಕಾರ ಜನರನ್ನು ಕೇಳಿತು. ಎರಡು ಸಲವೂ ಜನ ಬೇಡ ಅಂದರು.

ಈಗ ಎಣಿಕೆಯ ಮೇಜಿಗೆ ಬರೋಣ. ಮತದಾನದ ಮರುದಿನ ಬೆಳಿಗ್ಗೆ ಪೆಟ್ಟಿಗೆ ಒಡೆಯುತ್ತಾರೆ. ಸಿಬ್ಬಂದಿ ಒಂದೊಂದೇ ಚೀಟಿ ಬಿಡಿಸಿ, ಮುಖ ಮೇಲೆ ಮಾಡಿ ಇಡುತ್ತಾರೆ. ತಡೆಬೇಲಿಯ ಆಚೆ ಪಕ್ಷಗಳ ಕಡೆಯವರು ಸಾಲಾಗಿ ನಿಂತಿರುತ್ತಾರೆ. ಕೈಯಲ್ಲಿ ಅಭ್ಯರ್ಥಿಗಳ ಪಟ್ಟಿ, ಪೆನ್ಸಿಲ್. ಪ್ರತಿ ಚೀಟಿಯ ‘1’ ಯಾರಿಗೆ ಬಿದ್ದಿದೆ ಅಂತ ಕಣ್ಣಲ್ಲೇ ಹಿಡಿದು ಗೀಟು ಹಾಕುತ್ತಾ ಹೋಗುತ್ತಾರೆ. ಇದಕ್ಕೆ ಟ್ಯಾಲಿ ಅನ್ನುತ್ತಾರೆ. ಎದುರಾಳಿ ಪಕ್ಷದವರೂ ಪೆಟ್ಟಿಗೆಗಳನ್ನು ಹಂಚಿಕೊಂಡು, ಕೊನೆಗೆ ಅಂಕಿಗಳನ್ನು ಒಟ್ಟು ಸೇರಿಸುತ್ತಾರೆ. ಅಧಿಕೃತ ಎಣಿಕೆ ಇನ್ನೂ ಶುರುವಾಗುವ ಹೊತ್ತಿಗೇ ಮೊದಲ ಸುತ್ತಿನ ಚಿತ್ರ ಹೆಚ್ಚುಕಡಿಮೆ ಸಿಕ್ಕಿರುತ್ತದೆ. ಒಂದು ಚೀಟಿ ತಪ್ಪಿದರೂ ನೂರು ಚೀಟಿ ಕೈಗೆ ಸಿಗುವುದರಿಂದ ಟ್ಯಾಲಿ ಫಲಿತಾಂಶಕ್ಕೆ ತುಂಬಾ ಹತ್ತಿರ ಬಂದು ನಿಲ್ಲುತ್ತದೆ.

ಟ್ಯಾಲಿಯಿಂದ ಇನ್ನೊಂದು ವಿಷಯ ಗೊತ್ತಾಗುತ್ತದೆ. ಪೆಟ್ಟಿಗೆ ಯಾವ ಊರಿನದು ಅಂತ ಗೊತ್ತಿರುವುದರಿಂದ, ಯಾವ ಊರು ಯಾರ ಕೈ ಹಿಡಿಯಿತು ಅಂತಲೂ ತಿಳಿಯುತ್ತದೆ. ಹಳ್ಳಿಗಾಡಿನ ಕೌಂಟಿಯಲ್ಲಿ ಚಿತ್ರ ಸಾಮಾನ್ಯವಾಗಿ ಒಂದೇ ತರ. ಅಭ್ಯರ್ಥಿಯ ಮನೆ ಇರುವ ಊರಿನ ಪೆಟ್ಟಿಗೆಯಲ್ಲಿ ಮತದ ರಾಶಿ, ದೂರ ಹೋದ ಹಾಗೆಲ್ಲ ಇಳಿಮುಖ. ರಾಜಕೀಯ ಭೂಗೋಳ ಓದುವವರು ಬಹಳ ಕಾಲದಿಂದ ಇದರ ಬೆನ್ನು ಹತ್ತಿದ್ದಾರೆ. ಪಕ್ಷಗಳಿಗೂ ಇದು ಚೆನ್ನಾಗಿ ಗೊತ್ತು. ಅದಕ್ಕೇ ಕ್ಷೇತ್ರದ ಉತ್ತರದ ಹಳ್ಳಿಗಳಲ್ಲಿ ‘ಇವರಿಗೆ 1, ಅವರಿಗೆ 2’, ದಕ್ಷಿಣದಲ್ಲಿ ‘ಅವರಿಗೆ 1, ಇವರಿಗೆ 2’ ಅಂತ ಕರಪತ್ರ ಹಂಚಿ ತಮ್ಮ ಮತವನ್ನು ಭಾಗ ಮಾಡುತ್ತವೆ. ಊರು ಊರಾಗಿ ಮತ ಗುಂಪುಗೂಡುವ ಈ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಮ್ಮ ಲೆಕ್ಕಕ್ಕೆ ಮರಳೋಣ. ಒಬ್ಬ ಅಭ್ಯರ್ಥಿಗೆ ಮೊದಲ ಸುತ್ತಿನಲ್ಲೇ 1,401 ಮತ ಬಂತು ಅಂದುಕೊಳ್ಳಿ. ಕೋಟಾ 1,001. ಗೆದ್ದಾಯಿತು. ಮಿಕ್ಕ 400 ಮತ ಅವರಿಗೆ ಬೇಕಿಲ್ಲ. ಸುಮ್ನೆ ಬಿಟ್ಟರೆ ಆ 400 ಜನರ ಮತಕ್ಕೆ ಬೆಲೆಯೇ ಇಲ್ಲದಂತಾಗುತ್ತದೆ. ಹಾಗಾಗಿ ಅವನ್ನು ಚೀಟಿಯಲ್ಲಿ ‘2’ ಅಂತ ಬರೆದಿರುವವರಿಗೆ ದಾಟಿಸಬೇಕು. ಆದರೆ 1,401ರಲ್ಲಿ ಯಾವ 400?

ಐರ್ಲೆಂಡಿನ ನಿಯಮ ಹೀಗಿದೆ. 1,401 ಚೀಟಿಯನ್ನೂ ಎರಡನೇ ಪ್ರಾಶಸ್ತ್ಯದ ಪ್ರಕಾರ ಮತ್ತೆ ವಿಂಗಡಿಸುತ್ತಾರೆ. 201 ಚೀಟಿಯಲ್ಲಿ ‘1’ ಬಿಟ್ಟು ಬೇರೇನೂ ಇಲ್ಲ ಅನ್ನೋಣ. ಉಳಿದ 1,200ರಲ್ಲಿ 600 ಒಬ್ಬರಿಗೆ, ಇನ್ನಿಬ್ಬರಿಗೆ ತಲಾ 300. ದಾಟಿಸಬೇಕಾದದ್ದು 400, ಅಂದರೆ ಮೂರರಲ್ಲಿ ಒಂದು ಪಾಲು. ಹಾಗಾಗಿ ಮೊದಲನೆಯವರಿಗೆ 200, ಉಳಿದಿಬ್ಬರಿಗೆ ನೂರು ನೂರು. ಇಲ್ಲಿಯವರೆಗೆ ಎಲ್ಲವೂ ನ್ಯಾಯವಾಗೇ ಇದೆ. ಮುಂದಿನ ಹೆಜ್ಜೆ ನೋಡಿ. 600 ಚೀಟಿಯ ಕಟ್ಟಿನಿಂದ 200 ಚೀಟಿಯನ್ನು ಕೈಯಾರೆ ಎತ್ತಿ ಕೊಡಬೇಕು. ಕಟ್ಟಿಗೆ ಕೊನೆಯಲ್ಲಿ ಸೇರಿದವು, ಅಂದರೆ ಮೇಲಿರುವ 200. ಕೆಳಗಿನ 400 ಗೆದ್ದವರ ಹತ್ತಿರವೇ ಉಳಿಯುತ್ತವೆ.

ಆ ಕ್ಷಣದಲ್ಲಿ ಯಾವ ಚೀಟಿ ಹೋದರೂ ಒಂದೇ, ಎಲ್ಲದರಲ್ಲೂ ‘2’ ಒಬ್ಬರಿಗೇ ಇದೆ. ಆದರೆ ‘3’ ಬೇರೆ ಬೇರೆ. ಆ ಎರಡನೆಯವರು ಮುಂದೆ ಯಾವುದೋ ಸುತ್ತಿನಲ್ಲಿ ಅತಿ ಕಡಿಮೆ ಮತ ಪಡೆದು ಹೊರಬಿದ್ದರೆ, ಅವರ ಚೀಟಿಗಳು ಮುಂದಿನ ಆಯ್ಕೆಯವರಿಗೆ ದಾಟುತ್ತವೆ. ಆಗ ಅವರ ಕೈಲಿರುವ 200 ಚೀಟಿಯ ‘3’ ಯಾರಿಗೆ ಅನ್ನುವುದು ಮುಖ್ಯವಾಗುತ್ತದೆ. ಕಟ್ಟಿನ ತಳದಲ್ಲಿ ಉಳಿದ 400 ಜನರ ಮೂರನೇ ಆಯ್ಕೆಯನ್ನು ಯಾರೂ ಓದುವುದೇ ಇಲ್ಲ.

ಇದರಿಂದ ಎಷ್ಟು ವ್ಯತ್ಯಾಸ ಬರಬಹುದು? ಸಂಖ್ಯಾಶಾಸ್ತ್ರ ಇದಕ್ಕೆ ಸ್ಪಷ್ಟ ಉತ್ತರ ಕೊಡುತ್ತದೆ. 600ರಲ್ಲಿ ಸರಿಯಾಗಿ ಅರ್ಧ ಚೀಟಿಗಳ ‘3’ ಒಬ್ಬರಿಗೆ, ಇನ್ನರ್ಧ ಇನ್ನೊಬ್ಬರಿಗೆ ಅಂತಿಟ್ಟುಕೊಳ್ಳಿ. ಚೆನ್ನಾಗಿ ಕಲೆಸಿದ ರಾಶಿಯಿಂದ 200 ಎತ್ತಿದರೆ ನೂರು ನೂರು ಬರಬೇಕು. ಬರುವುದು ಅದರ ಆಸುಪಾಸಿನ ಸಂಖ್ಯೆ. ಈ ಏರುಪೇರಿನ ಅಳತೆಗೆ ಮಾನಕ ವಿಚಲನೆ ಅನ್ನುತ್ತಾರೆ, ಇಲ್ಲಿ ಅದು ಸುಮಾರು 6. ಅಂದರೆ ನೂರು ಸಲ ಹೀಗೆ ಎತ್ತಿದರೆ ಸುಮಾರು 95 ಸಲ ಒಬ್ಬರಿಗೆ 88ರಿಂದ 112ರೊಳಗೆ ಸಿಗುತ್ತದೆ. ಒಬ್ಬರಿಗೆ 112 ಬಂದರೆ ಇನ್ನೊಬ್ಬರಿಗೆ 88. ಅಂತರ 24 ಮತ. ಮತದಾರರು ಇಬ್ಬರನ್ನೂ ಸಮವಾಗಿಯೇ ಕಂಡಿದ್ದರು, ಅಂತರ ಹುಟ್ಟಿದ್ದು ಚೀಟಿ ಎತ್ತಿದ ರೀತಿಯಿಂದ. ಕೊನೆಯ ಸ್ಥಾನ ಕೆಲವೇ ಮತಗಳಲ್ಲಿ ತೀರ್ಮಾನವಾಗುವುದು ಹಳ್ಳಿಗಾಡಿನ ಚುನಾವಣೆಯಲ್ಲಿ ಅಪರೂಪವೇನಲ್ಲ. ಅಂಥ ಕಡೆ 24 ದೊಡ್ಡ ಸಂಖ್ಯೆ, ಅಲ್ವಾ?

‘ಚೆನ್ನಾಗಿ ಕಲೆಸಿದ’ ಅನ್ನುವ ಮಾತಿನ ಮೇಲೆ ಈ ಲೆಕ್ಕವೆಲ್ಲ ನಿಂತಿದೆ. ಎಣಿಕೆಗೆ ಮೊದಲು ಎಲ್ಲ ಪೆಟ್ಟಿಗೆಗಳ ಚೀಟಿಯನ್ನು ಬೆರೆಸಬೇಕು ಅಂತ ನಿಯಮವೇ ಇದೆ. ಸಿಬ್ಬಂದಿ ಶ್ರದ್ಧೆಯಿಂದ ಬೆರೆಸುತ್ತಾರೆ ಕೂಡ. ಆದರೆ ಸಾವಿರಾರು ಕಾಗದವನ್ನು ಕೈಯಲ್ಲಿ ಪೂರ್ತಿಯಾಗಿ ಕಲೆಸುವುದು ಸುಲಭವಲ್ಲ. ಒಂದೇ ಊರಿನ ಚೀಟಿಗಳು ಅಲ್ಲಲ್ಲಿ ಅಂಟಿಕೊಂಡು ಉಳಿದರೆ, ಊರು ಊರಾಗಿ ಮತ ಹಾಕುವ ಜನರ ಆಯ್ಕೆಯೂ ಜೊತೆಗೇ ಅಂಟಿಕೊಂಡಿರುತ್ತದೆ. ಆಗ ಮೇಲಿನ 200 ಇಡೀ 600ರ ಸರಿಯಾದ ಮಾದರಿ ಆಗುವುದಿಲ್ಲ. ಏರುಪೇರು 6ಕ್ಕೆ ನಿಲ್ಲದೆ ಇನ್ನೂ ಹಿಗ್ಗುತ್ತದೆ. ಹಾಲು ಕಡೆಯುವ ಮೊದಲೇ ಕೆನೆ ತೆಗೆದು ‘ಹಾಲು ಇಷ್ಟು ಗಟ್ಟಿ’ ಅಂದ ಹಾಗೆ.

ಇದಕ್ಕೆ ಪರಿಹಾರ ತುಂಬಾ ಹಳೆಯದು. ಮೆಲ್ಬರ್ನಿನ ಜೆ. ಬಿ. ಗ್ರೆಗರಿ 1880ರಲ್ಲೇ ಹೇಳಿದ್ದರು: ಕೆಲವು ಚೀಟಿಗಳನ್ನು ಪೂರ್ತಿ ಬೆಲೆಯಲ್ಲಿ ಕಳಿಸುವ ಬದಲು, ಎಲ್ಲ ಚೀಟಿಗಳನ್ನೂ ಕಡಿಮೆ ಬೆಲೆಯಲ್ಲಿ ಕಳಿಸಿ. ನಮ್ಮ ಉದಾಹರಣೆಯಲ್ಲಿ 1,200 ಚೀಟಿಯೂ ಮುಂದೆ ಹೋಗುತ್ತವೆ, ಒಂದೊಂದರ ಬೆಲೆ ಮೂರನೇ ಒಂದು ಮತ. ಯಾರ ಮೂರನೇ ಆಯ್ಕೆಯೂ ತಳದಲ್ಲಿ ಉಳಿಯುವುದಿಲ್ಲ. ಭಾರತದ ರಾಜ್ಯಸಭಾ ಚುನಾವಣೆಯಲ್ಲಿ ಒಂದು ಮತಕ್ಕೆ 100 ಅಂತ ಬೆಲೆ ಕಟ್ಟುವುದು ಇದಕ್ಕೇ. ಐರ್ಲೆಂಡಿನ ಮೇಲ್ಮನೆ ಸೆನಡ್‌ನ ಚುನಾವಣೆಯಲ್ಲಿ ಅದು 1,000. ತಮ್ಮ ಮೇಲ್ಮನೆಗೆ ಇಷ್ಟು ನಿಖರವಾದ ಲೆಕ್ಕ ಇಟ್ಟುಕೊಂಡ ದೇಶ, ಕೌಂಟಿ ಕೌನ್ಸಿಲ್‌ಗೆ ಮೇಲಿನ ಚೀಟಿ ಎತ್ತುವ ಕ್ರಮವನ್ನೇ ಉಳಿಸಿಕೊಂಡಿದೆ.

ಹಳ್ಳಿಯಲ್ಲಿ ಕೈಯಾರೆ ಎಣಿಸುವಾಗ ಭಿನ್ನರಾಶಿ ಆಗದ ಕೆಲಸ ಅನ್ನುವವರಿಗೆ ಉತ್ತರ ಲೀಟ್ರಿಮ್‌ನ ಗಡಿಯಾಚೆಗೇ ಇದೆ. ಕೌಂಟಿಯ ಈಶಾನ್ಯದ ಅಂಚಿಗೆ ಫರ್ಮ್ಯಾನಾ. ಅದು ಉತ್ತರ ಐರ್ಲೆಂಡ್, ಬ್ರಿಟನ್ನಿನ ಆಡಳಿತ. ಅಲ್ಲೂ ಅದೇ ತರದ ಹುಲ್ಲುಗಾವಲು, ಕೆರೆ, ಚದುರಿದ ಊರು. 1973ರಿಂದ ಅಲ್ಲಿನ ಕೌನ್ಸಿಲ್ ಚುನಾವಣೆಗಳೂ ಇದೇ ಪ್ರಾಶಸ್ತ್ಯ ಪದ್ಧತಿಯಲ್ಲೇ ನಡೆಯುತ್ತವೆ. ಆದರೆ ಹೆಚ್ಚುವರಿ ಮತ ದಾಟಿಸುವುದು ಗ್ರೆಗರಿಯ ದಾರಿಯಲ್ಲಿ. ನಮ್ಮ ಉದಾಹರಣೆಯನ್ನೇ ಅಲ್ಲಿನ ಮೇಜಿಗೆ ಇಟ್ಟರೆ, 400ನ್ನು 1,200ರಿಂದ ಭಾಗಿಸಿ ಎರಡು ದಶಮಾಂಶಕ್ಕೆ ನಿಲ್ಲಿಸುತ್ತಾರೆ: 0.33. ಮೊದಲನೆಯವರಿಗೆ 600 ಚೀಟಿ, 198 ಮತ. ಉಳಿದಿಬ್ಬರಿಗೆ 99, 99. ದಶಮಾಂಶ ಕತ್ತರಿಸಿದ್ದರಿಂದ 4 ಮತ ಸೋರಿಹೋಯಿತು. ಆದರೆ ಅದು ಎಲ್ಲರ ಕಣ್ಣೆದುರಿಗೆ, ಯಾರು ಎಷ್ಟು ಸಲ ಲೆಕ್ಕ ಹಾಕಿದರೂ ಅಷ್ಟೇ ಬರುವಂತೆ ಸೋರಿದ್ದು. 24 ಮತದ ಅದೃಷ್ಟಕ್ಕಿಂತ 4 ಮತದ ಈ ಸೋರಿಕೆ ಎಷ್ಟೋ ವಾಸಿ.

ಹಾಗಂತ ಯಂತ್ರ ತರಬೇಕು ಅನ್ನುವ ಕಡೆ ನಾನಿಲ್ಲ. ಐರ್ಲೆಂಡ್ ಆ ದಾರಿಯನ್ನೂ ತುಳಿದು ನೋಡಿದೆ. 2002ರಲ್ಲಿ ಮೂರು ಸಂಸತ್ ಕ್ಷೇತ್ರಗಳಲ್ಲಿ ಯಂತ್ರದಿಂದ ಮತದಾನ ನಡೆಯಿತು. ಇದಕ್ಕೆಲ್ಲ ಆದ ಖರ್ಚು 5 ಕೋಟಿ ಯೂರೋಗೂ ಜಾಸ್ತಿ. ಯಂತ್ರ ಸರಿಯಾಗಿ ಎಣಿಸಿದೆ ಅಂತ ಪರೀಕ್ಷಿಸುವ ಖಾತರಿಯಾದ ದಾರಿ ಇಲ್ಲ ಅಂತ ತಜ್ಞರ ಆಯೋಗ 2004ರಲ್ಲಿ ಎಚ್ಚರಿಸಿತು. 2012ರಲ್ಲಿ ಯಂತ್ರಗಳೆಲ್ಲ ಗುಜರಿಗೆ ಹೋದವು. ಆ ಪ್ರಯೋಗದಿಂದ ವಿಜ್ಞಾನಕ್ಕೆ ಮಾತ್ರ ದೊಡ್ಡ ಲಾಭವಾಯಿತು. ಮೀಥ್, ಡಬ್ಲಿನ್ ನಾರ್ತ್, ಡಬ್ಲಿನ್ ವೆಸ್ಟ್ ಕ್ಷೇತ್ರಗಳ ಒಂದೊಂದು ಮತಪತ್ರದ 1, 2, 3 ಕ್ರಮವೂ, ಹೆಸರಿಲ್ಲದೆ, ಬಹಿರಂಗವಾಗಿ ಸಿಕ್ಕಿತು. ಮತದಾನದ ಗಣಿತ ಓದುವವರು ಇಂದಿಗೂ ಆ ದತ್ತಾಂಶದ ಮೇಲೆ ತಮ್ಮ ವಿಧಾನಗಳನ್ನು ಪರೀಕ್ಷಿಸುತ್ತಾರೆ.

ಈ ಪದ್ಧತಿಗೆ ಗ್ರೆಗರಿಯೂ ವಾಸಿ ಮಾಡಲಾರದ ಕೊರತೆಗಳಿವೆ. ಮತಪತ್ರದಲ್ಲಿ ಹೆಸರುಗಳು ಮನೆತನದ ಹೆಸರಿನ ಅಕ್ಷರಕ್ರಮದಲ್ಲಿರುತ್ತವೆ. 1973ರ ಐರಿಷ್ ಚುನಾವಣೆಯನ್ನು ಅಧ್ಯಯನ ಮಾಡಿದವರಿಗೆ ಪಟ್ಟಿಯ ಮೇಲ್ಭಾಗದಲ್ಲಿದ್ದವರಿಗೆ ಅನುಕೂಲವಾಗುವುದು ಕಂಡಿತು. ಇನ್ನೂ ವಿಚಿತ್ರವಾದದ್ದು, ಒಬ್ಬರನ್ನು ಮೇಲಿನ ಸ್ಥಾನಕ್ಕೆ ಏರಿಸಿ ಬರೆದದ್ದರಿಂದಲೇ ಅವರು ಸೋಲುವ ಸಂದರ್ಭಗಳು ಗಣಿತದಲ್ಲಿ ಸಾಧ್ಯ. ಯಾರು ಯಾವ ಸುತ್ತಿನಲ್ಲಿ ಹೊರಬೀಳುತ್ತಾರೆ ಅನ್ನುವ ಸರದಿ ಬದಲಾಗಿ ಹೀಗಾಗುತ್ತದೆ. ಆದರೆ ಅದನ್ನು ಮೊದಲೇ ಲೆಕ್ಕ ಹಾಕಿ ಲಾಭ ಪಡೆಯುವುದು ಬಲು ಕಷ್ಟ. ಇಂಥ ತಂತ್ರವನ್ನು ಕಂಡುಹಿಡಿಯುವುದು ಕಂಪ್ಯೂಟರಿಗೂ ಕಠಿಣವಾದ ಸಮಸ್ಯೆಗಳ ವರ್ಗಕ್ಕೆ ಸೇರುತ್ತದೆ ಅಂತ ಬಾರ್ತೊಲ್ಡಿ ಮತ್ತು ಓರ್ಲಿನ್ 1991ರಲ್ಲಿ ತೋರಿಸಿದರು. ಹಾಗಾಗಿ ಮನಸ್ಸಿನಲ್ಲಿರುವ ಕ್ರಮದಲ್ಲೇ ಅಂಕಿ ಬರೆಯುವುದು ಮತದಾರರಿಗೆ ಒಳ್ಳೆಯದು. ಈ ಮಾತು ಅಲ್ಲಿರುವ ಕನ್ನಡಿಗರಿಗೂ ಸಲ್ಲುತ್ತದೆ. ಐರ್ಲೆಂಡಿನ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಲು ಪೌರತ್ವ ಬೇಕಿಲ್ಲ. 18 ತುಂಬಿ, ಅಲ್ಲೇ ವಾಸವಿದ್ದು, ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು.

ಅವರು ಬರೆಯುವ ‘3’ ಕೂಡ ಎಣಿಕೆಗೆ ಸಿಗಬೇಕಾದರೆ ದೊಡ್ಡ ಬದಲಾವಣೆಯೇನೂ ಬೇಕಿಲ್ಲ. ಸಂಸತ್ ಚುನಾವಣೆಯ ಪದ್ಧತಿ ಸಂವಿಧಾನದಲ್ಲೇ ಇರುವುದರಿಂದ ಅದನ್ನು ಕೈಬಿಡಲು ಜನಮತಗಣನೆ ಆಗಬೇಕು. ಕೌಂಟಿ ಕೌನ್ಸಿಲ್‌ನ ಎಣಿಕೆ ಕ್ರಮ ಇರುವುದು 1995ರ ಸ್ಥಳೀಯ ಚುನಾವಣಾ ನಿಯಮಾವಳಿಯಲ್ಲಿ. ಅದರಲ್ಲಿ ಹೆಚ್ಚುವರಿ ಮತ ದಾಟಿಸುವ ಭಾಗವನ್ನು ತಿದ್ದಿದರೆ ಆಯಿತು. ಪೆನ್ಸಿಲ್, ಕಾಗದ, ತಡೆಬೇಲಿಯ ಆಚೆ ನಿಂತು ಗೀಟು ಹಾಕುವವರು, ಎಲ್ಲವೂ ಹಾಗೇ ಇರಬಹುದು. ಎಣಿಕೆ ಮೇಜಿಗೆ ಒಂದು ಕ್ಯಾಲ್ಕುಲೇಟರ್ ಬರುತ್ತದೆ, ಚೀಟಿ ವಿಂಗಡಿಸಲು ಒಂದಷ್ಟು ಹೊತ್ತು ಜಾಸ್ತಿ ಹಿಡಿಯುತ್ತದೆ. ಈ ಚುನಾವಣೆ ಐದು ವರ್ಷಕ್ಕೊಮ್ಮೆ. ಮುಂದಿನದು 2029ರಲ್ಲಿ, ಅಷ್ಟರೊಳಗೆ ಇದನ್ನು ಮಾಡಬಹುದು.